ಸಾವಕಾಶ ಬರ್ರಿ ಅಕ್ಕೋರ

ನನ್ನನ್ನು ಸೈಕಲ್ ತಂಡಕ್ಕೆ ಸೇರಿಸಿಕೊಂಡದ್ದು ನಾನು ಹೆಂಗಸು ಎಂಬ ಒಂದೇ ಅರ್ಹತೆಯ ಮೇಲೆ. ಇದನ್ನು ಕೊಂಕಿಗೆ ಹೇಳುತ್ತಿಲ್ಲ, ಪಂದ್ಯದ ನಿಯಮದಲ್ಲೇ ಬರೆದಿತ್ತು. ಗುಡ್ಡಗಾಡು ಸೈಕಲ್ ಪಂದ್ಯದ ಮಿಶ್ರ ರಿಲೇಗೆ ನಾಲ್ಕು ಜನ ಬೇಕು. ಒಬ್ಬೊಬ್ಬರು ಒಂದೊಂದು ಸುತ್ತು ತುಳಿದು ಬಂದು ಮುಂದಿನವರ ಕೈ ಮುಟ್ಟಬೇಕು. ನಾಲ್ವರಲ್ಲಿ ಒಬ್ಬಳಾದರೂ ಹೆಂಗಸಿರಬೇಕು. ಮೂವರು ಗಂಡಸರು ಮೊದಲೇ ಕೂಡಿಕೊಂಡಿದ್ದರು. ನಾಲ್ಕನೆಯವಳಿಗಾಗಿ ಒಂದು ತಿಂಗಳು ಅಲೆದಾಡಿ, ನಾರಾಯಣಖೇಡದ ಹತ್ತಿರ ಮನೂರಿನ ರಸ್ತೆಯಲ್ಲಿ ದಿನಾ ಸೈಕಲ್ ತುಳಿಯುವ ಲೆಕ್ಕದ ಟೀಚರೊಬ್ಬಳಿದ್ದಾಳೆ ಎಂಬ ಸುದ್ದಿ ಕೇಳಿ, ಒಂದು ಮಧ್ಯಾಹ್ನ ನಮ್ಮ ಶಾಲೆಯ ಗೇಟಿಗೆ ಬಂದು ಸಾಲಾಗಿ ನಿಂತರು. ಯಾರೋ ಮಕ್ಕಳ ಟಿ.ಸಿ. ಕೇಳಲು ಬಂದಿದ್ದಾರೆಂದು ನಾನು ಅವರನ್ನು ಹೆಡ್ ಮಾಸ್ತರರ ಕೋಣೆಗೆ ಕಳಿಸಿದೆ.

ನಾನು ಸೈಕಲ್ ತುಳಿಯುತ್ತಿದ್ದದ್ದು ಆಟದ ಹುಚ್ಚಿಗಲ್ಲ, ಸಿಟ್ಟಿಗೆ. ನಾರಾಯಣಖೇಡದಿಂದ ನಮ್ಮ ಶಾಲೆಯ ಹಳ್ಳಿಗೆ ಇರುವುದು ಶೇರ್ ಆಟೋ ಒಂದೇ. ಹನ್ನೊಂದು ಜನ ತುಂಬುವವರೆಗೆ ಆತ ಕೀಲಿ ತಿರುಗಿಸುತ್ತಿರಲಿಲ್ಲ. ಆ ಹನ್ನೊಂದನೆಯವಳು ಯಾವಾಗಲೂ ನಾನೇ. ಅರ್ಧ ಮೈ ಒಳಗೆ, ಅರ್ಧ ಮೈ ರಸ್ತೆಯ ಮೇಲೆ. ಒಂದು ದಿನ ಹೊರಗಿನ ಅರ್ಧಕ್ಕೆ ಜೋಳದ ಸೊಪ್ಪೆ ತುಂಬಿದ ಟ್ರ್ಯಾಕ್ಟರ್ ಉಜ್ಜಿಕೊಂಡು ಹೋಯಿತು. ಮರುದಿನವೇ ಸೈಕಲ್ ಕೊಂಡೆ. ನಲವತ್ತು ದಾಟಿದ ಹೆಂಗಸು ಸೀರೆ ಬಿಟ್ಟು ಚೂಡಿದಾರ ತೊಟ್ಟು ಸೈಕಲ್ ಹತ್ತಿದಳು ಎಂಬ ಸುದ್ದಿ ನನಗಿಂತ ಮೊದಲೇ ಊರು ಮುಟ್ಟಿತ್ತು.

ಆ ಮೂವರ ಬಗ್ಗೆ ಹೇಳಬೇಕು. ಒಬ್ಬ ನಾರಾಯಣಖೇಡದ ಪಕ್ಕದ ಹಳ್ಳಿಯವನು. ತಲೆಮಾರುಗಳಿಂದ ಕುರಿ ಸಾಕಿದ ಮನೆ, ಜೊತೆಗೆ ಸ್ವಲ್ಪ ಹೊಲ. ಅವನನ್ನು ನಾವು ಕ್ಯಾಪ್ಟನ್ ಎನ್ನುತ್ತಿದ್ದೆವು. ಅವನ ಮಗಳು ನನ್ನ ಏಳನೇ ತರಗತಿಯಲ್ಲಿದ್ದಳು. ಇನ್ನೊಬ್ಬ ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹೊಡೆಯುವವನು. ಅವನ ರೆಪ್ಪೆಯ ಮೇಲೂ ಕಲ್ಲಿನ ಪುಡಿ ಇರುತ್ತಿತ್ತು. ಅವನನ್ನು ಫರಸಿ ಎಂದೇ ಕರೆಯುತ್ತಿದ್ದರು. ಮೂರನೆಯವನು ಮೊಗುಡಂಪಲ್ಲಿಯ ಮೆಕ್ಯಾನಿಕ್. ದಿನಾ ನಮ್ಮ ತೆಲುಗು ಸೀಮೆಯ ಗಡಿ ದಾಟಿ ಬೀದರಿಗೆ ಹೋಗಿ ಸೈಕಲ್ ಅಂಗಡಿಯಲ್ಲಿ ದುಡಿದು ಸಂಜೆ ವಾಪಸ್ ಬರುತ್ತಿದ್ದ. ಇವರಿಗೆ ಈ ಪಂದ್ಯದ ಹುಚ್ಚು ಎಲ್ಲಿಂದ ಹತ್ತಿತು ಎಂದು ನಾನು ಕೇಳಿದಾಗ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೀನು ಹೇಳು, ನೀನು ಹೇಳು ಎಂದು ಒಂದಿಷ್ಟು ಹೊತ್ತು ನಡೆಯಿತು. ಉತ್ತರ ಇವತ್ತಿಗೂ ಸಿಕ್ಕಿಲ್ಲ.

ನಮ್ಮ ಕಡೆ ಹೆಣ್ಣು ಮೇಷ್ಟರನ್ನು ಅಕ್ಕೋರು ಎನ್ನುತ್ತಾರೆ. ಮೊದಲ ದಿನದಿಂದ ನಾನು ಅವರಿಗೆ ಅಕ್ಕೋರು. ಇದರಿಂದ ನನಗೆ ಸಿಕ್ಕ ಮರ್ಯಾದೆಯನ್ನು ಎಷ್ಟು ವರ್ಣಿಸಿದರೂ ಕಡಿಮೆಯೇ. ಗುಡ್ಡದ ಮೇಲೆ ಕೂರಲು ಹೋದರೆ ಕ್ಯಾಪ್ಟನ್ ತನ್ನ ಟವೆಲ್‌ನಿಂದ ಬಂಡೆ ಒರೆಸುತ್ತಿದ್ದ. ಮುಳ್ಳಿನ ಬೇಲಿ ಅಡ್ಡ ಬಂದರೆ ಫರಸಿ ನನ್ನ ಸೈಕಲನ್ನು ಎತ್ತಿ ಆಚೆ ಇಡುತ್ತಿದ್ದ. ನೆಗ್ಗಿಲು ಮುಳ್ಳು ಚುಚ್ಚಿ ಟೈರು ಕೂತರೆ, ನಾನು ಇಳಿಯುವ ಮೊದಲೇ ಮೆಕ್ಯಾನಿಕ್ ಗಾಲಿ ಬಿಚ್ಚಿರುತ್ತಿದ್ದ. ನಾನು ಇಳಿಜಾರಿನಲ್ಲಿ ಬ್ರೇಕ್ ಹಿಡಿದು ಹಿಡಿದು, ಕಡೆಗೆ ತೊಗರಿ ಹೊಲದಲ್ಲಿ ಮಕಾಡೆ ಬಿದ್ದಾಗ ಮೂವರೂ ಓಡಿ ಬಂದು, ಭಾಳ ಚಂದ ಬಂದ್ರಿ ಅಕ್ಕೋರ ಎಂದು ಹೇಳಿದರು. ನನ್ನ ಬಾಯಲ್ಲಿ ಇನ್ನೂ ಮಣ್ಣಿತ್ತು.

ಅವರವರಲ್ಲಿ ಮಾತ್ರ ಬೇರೆಯೇ ಭಾಷೆ. ಅಲ್ಲಿ ಯಾರಿಗೂ ಹೆಸರಿಲ್ಲ. ಒಬ್ಬ ಕತ್ತಿ, ಅಂದರೆ ನಮ್ಮ ಕಡೆಯ ಮಾತಿನಲ್ಲಿ ಕತ್ತೆ. ಇನ್ನೊಬ್ಬ ಮಬ್ಬ. ಮತ್ತೊಬ್ಬನನ್ನು ಕರೆಯುತ್ತಿದ್ದ ಹೆಸರು ಇಲ್ಲಿ ಬರೆಯುವಂಥದ್ದಲ್ಲ. ಫರಸಿ ಇಳಿಯುತ್ತಿದ್ದರೆ ಕ್ಯಾಪ್ಟನ್ ಮೇಲಿಂದ ಕೂಗುತ್ತಿದ್ದ: “ಏ ಕತ್ತಿ, ಬ್ರೇಕ್ ಬಿಡು, ಕುಂಡಿ ಹಿಂದಕ ಹಾಕು, ಕಲ್ಲ ನೋಡಬ್ಯಾಡ, ಕಲ್ಲಿನ ಬಾಜೂಕ ನೋಡು.” ಆ ಒಂದು ಬೈಗುಳದೊಳಗೆ ಇಳಿಜಾರಿನ ಪಾಠ ಪೂರ್ತಿ ಇತ್ತು. ನಾನು ಇಳಿಯುವಾಗ ಅದೇ ಕ್ಯಾಪ್ಟನ್ ಕೈ ಮುಗಿದಂತೆ ನಿಂತು ಹೇಳುತ್ತಿದ್ದದ್ದು ಒಂದೇ ಮಾತು, ಸಾವಕಾಶ ಬರ್ರಿ ಅಕ್ಕೋರ. ಹೀಗೆ ಸಾವಕಾಶ ಬಂದು ಬಂದು ನಾನು ನಿಧಾನವಾಗುವುದನ್ನು ಚೆನ್ನಾಗಿ ಕಲಿತೆ.

ಇಪ್ಪತ್ತು ವರ್ಷ ನೋಟ್‌ಬುಕ್ ತಿದ್ದಿದವಳು ನಾನು. ಕೆಂಪು ಶಾಯಿ ತುಂಬಿದ ಪುಟವನ್ನು ನೋಡಿ ಮಕ್ಕಳು ಅಳುತ್ತಾರೆ. ಅವರಿಗೆ ಗೊತ್ತಿಲ್ಲ, ಕೆಂಪು ಶಾಯಿ ಬೀಳದೆ ಬರೀ ಒಂದು ಸಹಿ ಬಿದ್ದು ಬರುವ ನೋಟ್‌ಬುಕ್ ಯಾರದೆಂದು. ಅದು ಟೀಚರ್ ಮನಸ್ಸಿನಲ್ಲೇ ಕೈಬಿಟ್ಟ ಮಗುವಿನದು. ಇವನಿಂದ ಆಗುವುದಿಲ್ಲ, ಸುಮ್ಮನೆ ಯಾಕೆ ನೋಯಿಸಲಿ ಎಂದು ಅಲ್ಲಿ ಟೀಚರ್ ಮರ್ಯಾದೆ ತೋರಿಸಿರುತ್ತಾಳೆ. ಆ ಮರ್ಯಾದೆ ಈಗ ನನಗೇ ಸಿಗುತ್ತಿತ್ತು. ಮನೆಯಲ್ಲಿ ಸಂಸಾರ, ಶಾಲೆಯಲ್ಲಿ ಸಂಬಳ, ಎಲ್ಲ ಇದ್ದವಳಿಗೆ ಆ ವಯಸ್ಸಿನಲ್ಲಿ ಬೇಕಾಗಿದ್ದದ್ದು ಒಂದೇ ಒಂದು: ಈ ಮೂವರಲ್ಲಿ ಯಾರಾದರೂ ಒಬ್ಬರು, ಒಂದು ಸಲ, ನನ್ನನ್ನು ಏಕವಚನದಲ್ಲಿ ಬೈಯಬೇಕು.

ಒಂದು ಸಲ ಕ್ಯಾಪ್ಟನ್‌ಗೆ ಬಾಯಿ ಬಿಟ್ಟು ಹೇಳಿಯೂ ನೋಡಿದೆ. ನನಗೂ ಅವರಿಗೆ ಹೇಳಿದ ಹಾಗೇ ಹೇಳಿ, ತಪ್ಪಿದರೆ ಬೈಯಿರಿ, ಅಂದೆ. ಅವನು ಎರಡೂ ಕಿವಿ ಮುಟ್ಟಿಕೊಂಡ. ಮಗಳಿಗೆ ಕಲಿಸುವವರಿಗೆ ಹಾಗೆಲ್ಲ ಅಂದರೆ ನಾಲಿಗೆ ಬಿದ್ದು ಹೋಗುತ್ತದೆ ಎಂದ. ಆಮೇಲೆ ಮಗಳು ಲೆಕ್ಕದಲ್ಲಿ ಹೇಗಿದ್ದಾಳೆ ಎಂದು ವಿಚಾರಿಸಿದ. ನಾನು ಚೆನ್ನಾಗಿದ್ದಾಳೆ ಅಂದೆ. ಅವಳ ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿ ಸಾಕಷ್ಟಿತ್ತು, ಆ ಹುಡುಗಿ ಪುಣ್ಯವಂತೆ.

ನಮ್ಮ ಮೊದಲ ಪಂದ್ಯ ಜಹೀರಾಬಾದಿನ ಹೊರಗೆ ಕೆಂಪು ಮಣ್ಣಿನ ದಿಬ್ಬಗಳಲ್ಲಿ ನಡೆಯಿತು. ನಾವು ಕಡೆಯವರಾಗಿ ಬಂದೆವು. ಎರಡನೆಯದು ನಮ್ಮ ನಾರಾಯಣಖೇಡದಲ್ಲೇ. ಅಲ್ಲಿ ಕಡೆಯಿಂದ ಎರಡನೆಯವರಾದೆವು. ಅದಕ್ಕೆ ಕಾರಣ ಇನ್ನೊಂದು ತಂಡದವನ ಚೈನು ತುಂಡಾಗಿ ಅವನು ಸೈಕಲನ್ನು ಹೆಗಲ ಮೇಲೆ ಹೊತ್ತು ಬಂದದ್ದು. ಅವನು ಇನ್ನೊಂದಿಷ್ಟು ಚುರುಕಾಗಿ ನಡೆದಿದ್ದರೆ ಅದೂ ತಪ್ಪುತ್ತಿತ್ತು. ಆದರೂ ಫರಸಿ ಊರೆಲ್ಲ ಪೇಡೆ ಹಂಚಿದ.

ಎರಡೂ ಪಂದ್ಯದಲ್ಲಿ ನನಗೆ ಮೂರನೇ ಸುತ್ತು. ಯಾಕೆ ಮೂರನೆಯದೇ ಎಂದು ಒಮ್ಮೆ ಮೆಕ್ಯಾನಿಕ್‌ನನ್ನು ಹಿಡಿದು ಕೇಳಿದೆ. ಅವನು ಬಹಳ ಉತ್ಸಾಹದಿಂದ ವಿವರಿಸಿದ. ಮೊದಲ ಸುತ್ತಿನವನು ಜಾಗ ಗಳಿಸಬೇಕು, ಎರಡನೆಯವನು ಗಳಿಸಿದ್ದನ್ನು ಬೆಳೆಸಬೇಕು, ನಾಲ್ಕನೆಯವನು ಹೋದದ್ದನ್ನು ವಾಪಸ್ ತರಬೇಕು. ಮೂರನೆಯವರು? ಅವನು ಅಲ್ಲಿಗೇ ನಿಂತ. ಕಳೆಯಬೇಕು, ಎಂದು ನಾನೇ ಉತ್ತರ ತುಂಬಿದೆ. ಅವನಿಗೆ ತಟ್ಟನೆ ಪಂಪು ಎಲ್ಲೋ ಬಿಟ್ಟು ಬಂದದ್ದು ನೆನಪಾಯಿತು.

ಅವತ್ತಿನಿಂದ ನಾನು ಬೆಳಗಿನ ಜಾವ ಒಬ್ಬಳೇ ಹೋಗತೊಡಗಿದೆ. ಕುರಿಗಳು ಹೋಗುವ ಕಾಲುದಾರಿಯಲ್ಲಿ ಹತ್ತಿದೆ, ಇಳಿದೆ, ಬಿದ್ದೆ. ಕ್ಯಾಪ್ಟನ್ ಫರಸಿಗೆ ಬೈದದ್ದನ್ನೆಲ್ಲ ನೆನಪಿಸಿಕೊಂಡು ನನಗೆ ನಾನೇ ಜೋರಾಗಿ ಬೈದುಕೊಂಡೆ. ಹೊಲದಲ್ಲಿ ಕಳೆ ಕೀಳುವ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಿಂತು ನೋಡುತ್ತಿದ್ದರು. ಅಕ್ಕೋರಿಗೆ ಏನೋ ಆಗಿದೆ, ಸೈಕಲ್ ಮೇಲೆ ಕೂತು ತಮ್ಮನ್ನು ತಾವೇ ಕತ್ತಿ ಅನ್ನುತ್ತಾರೆ ಎಂಬ ಮಾತು ನಮ್ಮ ಯಜಮಾನರ ಕಿವಿಗೂ ಬಿತ್ತು. ಅವರು ಬಹಳ ಗಂಭೀರವಾಗಿ ನನ್ನ ಬಿ.ಪಿ. ನೋಡಿಸಿಕೊಂಡು ಬರೋಣ ಅಂದರು.

ಬೈದುಕೊಂಡದ್ದು ನಾಟಿತು. ಎರಡು ತಿಂಗಳಲ್ಲಿ ಬ್ರೇಕ್ ಬಿಡುವುದು ಬಂತು, ಕಲ್ಲಿನ ಪಕ್ಕಕ್ಕೆ ನೋಡುವುದು ಬಂತು. ಬರದೇ ಹೋದದ್ದು ಒಂದೇ, ಓಡುವ ಸೈಕಲ್ ಮೇಲೆ ಒಂದು ಕೈ ಬಿಟ್ಟು ನೀರು ಕುಡಿಯುವುದು. ಬಾಟಲಿಗೆ ಕೈ ಹಾಕಿದರೆ ಸೈಕಲ್ ಕಳ್ಳು ಕುಡಿದವನಂತೆ ಆಡುತ್ತಿತ್ತು. ಹಾಗಾಗಿ ನಾನು ಇಡೀ ಸುತ್ತನ್ನು ಬಾಯಾರಿಕೊಂಡೇ ಮುಗಿಸುತ್ತಿದ್ದೆ. ಇದು ಕ್ಯಾಪ್ಟನ್‌ಗೆ ದೊಡ್ಡ ಚಿಂತೆ. ನಾನು ಎದುರಿಗೆ ಬಂದಾಗಲೆಲ್ಲ ನೀರು ಕುಡೀರಿ ಅಕ್ಕೋರ, ನೀರು ಕುಡೀರಿ ಎಂದು ಹೇಳುತ್ತಲೇ ಇರುತ್ತಿದ್ದ.

ಮೂರನೇ ಪಂದ್ಯ ತಾಂಡೂರಿನಲ್ಲಿ, ನಾನು ತಂಡ ಸೇರಿ ಎರಡು ವರ್ಷವಾದ ಮೇಲೆ. ಊರಾಚೆ, ಕಲ್ಲು ತೆಗೆದು ಬಿಟ್ಟ ಹಳೇ ಖಣಿಗಳ ನಡುವೆ ದಾರಿ ಮಾಡಿದ್ದರು. ಎಲ್ಲಿ ನೋಡಿದರೂ ಒಡೆದ ಫರಸಿಯ ಒಟ್ಟಿಲು, ಮಳೆನೀರು ನಿಂತ ಗುಂಡಿಗಳು, ಬಿಳಿ ಧೂಳು. ನಮ್ಮ ಫರಸಿಗೆ ಅದು ಅಂಗಳ. ದಾರಿಯುದ್ದಕ್ಕೂ ಕೆಂಪು ಬಿಳಿ ಪಟ್ಟಿಯ ಪ್ಲಾಸ್ಟಿಕ್ ಟೇಪ್ ಕಟ್ಟಿದ್ದರು. ತಿರುವುಗಳಲ್ಲಿ ಹಳದಿ ಅಂಗಿ ತೊಟ್ಟ ಕಾಲೇಜು ಹುಡುಗರು ನಿಂತು ತೆಲುಗಿನಲ್ಲಿ ದಾರಿ ಹೇಳುತ್ತಿದ್ದರು. ಎಡಕ್ಕೆ ತಿರುಗಬೇಕಾದಲ್ಲಿ ಎಡಮ, ಎಡಮ. ಬಲಕ್ಕೆ ತಿರುಗಬೇಕಾದಲ್ಲಿ ಕುಡಿ, ಕುಡಿ.

ತೆಲುಗಿನಲ್ಲಿ ಕುಡಿ ಎಂದರೆ ಬಲಗಡೆ. ಹೊರಗಿನವರಿಗೆ ಇದು ತಮಾಷೆ ಎನ್ನಿಸಬಹುದು, ನಮಗಲ್ಲ. ಶಾಲೆಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ, ಸಂತೆಯಲ್ಲಿ ದಖನಿ ಉರ್ದು ಆಡುವ ನಾವು ಯಾವ ಮಾತು ಯಾವ ಭಾಷೆಯದು ಎಂದು ನಿಂತು ಯೋಚಿಸುವುದಿಲ್ಲ. ಹೇಳಿದವರು ಯಾರು, ಹೇಳಿಸಿಕೊಂಡವರು ಯಾರು, ಮಾತಿನ ಬಾಲದಲ್ಲಿ ರೀ ಇದೆಯೋ ಇಲ್ಲವೋ, ಇಷ್ಟು ನೋಡಿದರೆ ಮುಗಿಯಿತು. ನಲವತ್ತಮೂರು ವರ್ಷದಲ್ಲಿ ಒಮ್ಮೆಯೂ ನಾನು ಇದರಲ್ಲಿ ತಪ್ಪಿರಲಿಲ್ಲ.

ಮೊದಲ ಸುತ್ತಿಗೆ ಕ್ಯಾಪ್ಟನ್ ಹೋದ, ಐದನೆಯವನಾಗಿ ಬಂದ. ಎರಡನೆಯದಕ್ಕೆ ಫರಸಿ. ತನ್ನ ಊರಿನ ಕಲ್ಲು ತನ್ನನ್ನು ಬೀಳಿಸುವುದಿಲ್ಲ ಎಂಬ ಧೈರ್ಯವೋ ಏನೋ, ಮೈಮೇಲೆ ದೇವರು ಬಂದವನಂತೆ ತುಳಿದು, ಇಬ್ಬರನ್ನು ಹಿಂದೆ ಹಾಕಿ, ಮೂರನೆಯವನಾಗಿ ಬಂದು ನನ್ನ ಕೈ ಮುಟ್ಟಿದ. ಅವನ ಕಣ್ಣುಗಳು ಮೇಲಕ್ಕೆ ತೇಲಿದ್ದವು. ಬಿಸಿಲು ಕಲ್ಲಿಗೆ ಹೊಡೆದು ಮುಖಕ್ಕೆ ರಾಚುತ್ತಿತ್ತು. ನಾನು ಹೊರಟೆ. ಹಿಂದಿನಿಂದ ಸಾವಕಾಶ ಎಂಬ ಮಾತು ಬಂದೇ ಬರುತ್ತದೆಂದು ಕಾದೆ. ಬರಲಿಲ್ಲ. ಫರಸಿಯನ್ನು ಹಿಡಿದುಕೊಳ್ಳುವ ಗಡಿಬಿಡಿಯಲ್ಲಿ ಅದನ್ನು ಹೇಳಲು ಯಾರಿಗೂ ಪುರುಸೊತ್ತಿರಲಿಲ್ಲ.

ಆ ಸುತ್ತಿನ ಮೊದಲರ್ಧವನ್ನು ನಾನು ತುಳಿದ ಹಾಗೆ ಮತ್ತೆಂದೂ ತುಳಿದಿಲ್ಲ. ಹೊಳೆಯುವ ಶೂ ಹಾಕಿಕೊಂಡ ಹೈದರಾಬಾದಿನ ಹುಡುಗನೊಬ್ಬ ಏರಿನಲ್ಲಿ ನನ್ನನ್ನು ದಾಟಿದ. ಇಳಿಜಾರಿನಲ್ಲಿ ಬ್ರೇಕ್ ಬಿಟ್ಟು, ಹಿಂದೆ ಸರಿದು ಕೂತು, ಕಲ್ಲು ಬಿಟ್ಟು ಕಲ್ಲಿನ ಪಕ್ಕ ನೋಡುತ್ತ ಅವನನ್ನು ವಾಪಸ್ ದಾಟಿದೆ. ಅವನು ತಿರುಗಿ ನೋಡಿದ. ನಲವತ್ತಮೂರರ ಹೆಂಗಸನ್ನು ನೋಡಿ ಅವನ ಮುಖ ಹುಳ್ಳಗಾಯಿತು. ಜೀವನದಲ್ಲಿ ಸಣ್ಣ ಸಣ್ಣ ಸಂತೋಷಗಳಿರುತ್ತವೆ, ಇದು ಸಣ್ಣದಾಗಿರಲಿಲ್ಲ. ನಾನು ಮೂರನೆಯವಳಾಗಿಯೇ ಇದ್ದೆ, ಅವನು ಹಿಂದೆ ಹಿಂದೆ ಉಳಿದ.

ಸುತ್ತಿನ ಅರ್ಧಕ್ಕೆ ದಾರಿ ಮತ್ತೆ ನಾವು ಹೊರಟ ಜಾಗದ ಹತ್ತಿರಕ್ಕೇ ಬಂದು ಅಲ್ಲಿ ಕವಲಾಗುತ್ತದೆ. ಅಲ್ಲೊಬ್ಬ ಹಳದಿ ಅಂಗಿಯವನಿರಬೇಕಿತ್ತು, ಚಹಾಕ್ಕೆ ಹೋಗಿದ್ದ. ಟೇಪ್ ಇರಬೇಕಿತ್ತು. ಅದನ್ನು ಯಾರೋ ಕಲ್ಲಿನ ಲಾರಿಯವರು ಹಿಂದೆ ಚಾಚಿದ ಸರಳಿಗೆ ಕೆಂಪು ಬಾವುಟದ ಬದಲು ಕಟ್ಟಿಕೊಂಡು ಹೋಗಿದ್ದರಂತೆ, ಅದು ಆಮೇಲೆ ಗೊತ್ತಾದದ್ದು. ನನಗೆ ಕಂಡದ್ದು ಎಡಕ್ಕೊಂದು ದಾರಿ, ಬಲಕ್ಕೊಂದು ದಾರಿ, ಮಧ್ಯದಲ್ಲಿ ಆಳೆತ್ತರದ ಫರಸಿಯ ಒಟ್ಟಿಲು. ಅದರ ಮರೆಯಲ್ಲಿ ಕ್ಯಾಪ್ಟನ್‌ನ ಬೆನ್ನು ಅರ್ಧ ಕಂಡಿತು, ಕೇಳಿದ್ದು ಅವನದೇ ದನಿ. ಕುರಿಗಳನ್ನು ಕೂಗಿ ಕರೆಯುವ ಗಂಟಲು, ಅರ್ಧ ಮೈಲಿ ಮುಟ್ಟುತ್ತದೆ.

“ಕುಡಿ! ಕುಡಿ ಅಂತೀನಿ, ಕುಡಿ!”

ರೆಪ್ಪೆ ಬಡಿಯುವಷ್ಟರಲ್ಲಿ ತಲೆ ಲೆಕ್ಕ ಹಾಕಿ ಮುಗಿಸಿತ್ತು. ಹೇಳಿದವನು ಕ್ಯಾಪ್ಟನ್. ನನಗೆ ನೀರು ಕುಡಿಯಲು ಹೇಳುವುದಾದರೆ ಕುಡೀರಿ ಅನ್ನುತ್ತಾನೆ. ರೀ ಇಲ್ಲ. ಆದ್ದರಿಂದ ಇದು ಕನ್ನಡವಲ್ಲ, ಹಳದಿ ಅಂಗಿಯವನ ಕೆಲಸವನ್ನು ಇವನೇ ತೆಲುಗಿನಲ್ಲಿ ಮಾಡುತ್ತಿದ್ದಾನೆ. ನಡುವಿನ ಅಂತೀನಿ ಎಂಬ ಅಪ್ಪಟ ಕನ್ನಡದ ಮಾತನ್ನೂ ನನ್ನ ಕಡೆಗಿದ್ದ ಆ ಬೆನ್ನನ್ನೂ ನನ್ನ ತಲೆ ಅನುಕೂಲಕ್ಕೆ ತಕ್ಕ ಹಾಗೆ ಬಿಟ್ಟುಬಿಟ್ಟಿತು. ನಾನು ಬಲಕ್ಕೆ ತಿರುಗಿದೆ.

ತಿರುಗಿದ ದಾರಿ ಇಳಿಜಾರು. ಎಂಥ ಇಳಿಜಾರು! ಬ್ರೇಕ್ ಮುಟ್ಟದೆ ಇಳಿದೆ. ಇಷ್ಟು ಚೆನ್ನಾಗಿ ಇಳಿಯುವುದನ್ನು ಯಾರೂ ನೋಡಲಿಲ್ಲವಲ್ಲ ಎಂದು ಮನಸ್ಸಿನಲ್ಲೇ ಕೊರಗುತ್ತ ಇಳಿದೆ. ಅದು ಹೋಗಿ ಮುಗಿದದ್ದು ಹಸಿರು ನೀರು ನಿಂತ ಒಂದು ಹಳೇ ಖಣಿಯ ದಂಡೆಯಲ್ಲಿ. ನೀರಿನಲ್ಲಿ ಮೂರು ಎಮ್ಮೆ, ದಂಡೆಯಲ್ಲಿ ಮೋಟರ್‌ಸೈಕಲ್ ತೊಳೆಯುತ್ತಿದ್ದ ಒಬ್ಬ ಮುದುಕ. ಅವನು ನನ್ನನ್ನೂ ನನ್ನ ಎದೆಯ ಮೇಲಿನ ನಂಬರನ್ನೂ ನೋಡಿ, ಆಗೆ ರಸ್ತಾ ನೈ ಅಮ್ಮಾ, ಎಂದ. ಮುಂದೆ ದಾರಿಯಿಲ್ಲ ಎಂಬುದು ಅವನು ಹೇಳುವ ಮೊದಲೇ ಎಮ್ಮೆಗಳಿಂದ ತಿಳಿದಿತ್ತು.

ಕಾಲು ಊರಿ ನಿಂತೆ. ದಾರಿ ಎಡಕ್ಕಿತ್ತು. ಅಂದರೆ ಕ್ಯಾಪ್ಟನ್ ಬಲಕ್ಕೆ ಎಂದಿರಲಿಲ್ಲ. ಅಂದರೆ ಅದು ತೆಲುಗಲ್ಲ. ಅಂದರೆ ಅವನು ಕನ್ನಡದಲ್ಲಿ ಕುಡಿ ಎಂದಿದ್ದ. ನನಗೆ. ರೀ ಇಲ್ಲದೆ. ಕುಡಿ ಅಂತೀನಿ, ಎಂದು ಗದರಿಸಿದ್ದ!

ಪಂದ್ಯ ಹೋಯಿತು ಎಂದು ಅಳಬೇಕಾದ ಜಾಗದಲ್ಲಿ ನಿಂತು ನಾನು ನಗುತ್ತಿದ್ದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಇಂಟರ್‌ಮೀಡಿಯೆಟ್‌ನಲ್ಲಿ ಫಸ್ಟ್ ಕ್ಲಾಸ್ ಬಂದ ದಿನವೂ ಅಷ್ಟು ಖುಷಿಯಾಗಿರಲಿಲ್ಲ. ಬಾಟಲಿ ತೆಗೆದು ಗಟಗಟ ಕುಡಿದೆ. ಕುಡಿ ಅಂದಿದ್ದಾನೆ, ಕುಡಿಯದಿದ್ದರೆ ಹೇಗೆ? ಆಮೇಲೆ ಸೈಕಲ್ ತಿರುಗಿಸಿ, ಅದನ್ನು ತಳ್ಳುತ್ತ, ಇಳಿದು ಬಂದ ದಾರಿಯನ್ನೇ ಹತ್ತಿದೆ. ಕವಲಿಗೆ ಬರುವಷ್ಟರಲ್ಲಿ ಹೊಳೆಯುವ ಶೂನವನೂ ಅವನ ಹಿಂದಿನ ನಾಲ್ವರೂ ಹೋಗಿಯಾಗಿತ್ತು. ಉಳಿದ ಅರ್ಧ ಸುತ್ತನ್ನು ಮುಗಿಸಿ ಬಂದಾಗ ನಮ್ಮ ಹಿಂದೆ ಯಾರೂ ಇರಲಿಲ್ಲ. ಮೆಕ್ಯಾನಿಕ್ ಕೈ ಚಾಚಿದ. ಇರ್ಲಿ ಬಿಡ್ರಿ ಅಕ್ಕೋರ, ಎಂದು ಹೇಳಿ ಹೊರಟ. ವಾಪಸ್ ತರಬೇಕಾದವನು ಅವನೇ ಆಗಿದ್ದರೂ ತರಲು ಅಲ್ಲೇನೂ ಉಳಿದಿರಲಿಲ್ಲ. ನಾವು ಕಡೆಯವರಾದೆವು.

ಶಾಮಿಯಾನದ ಕೆಳಗೆ ನಮ್ಮ ಪಾಲಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ಇತ್ತು. ಅದು ನನಗೆ. ಮೂವರೂ ನೆಲದ ಮೇಲೆ ಕೂತರು. ಫರಸಿಗೆ ಬಿಸಿಲು ಬಡಿದಿತ್ತು, ತಲೆಯ ಮೇಲೆ ಒದ್ದೆ ಟವೆಲ್ ಹಾಕಿಕೊಂಡಿದ್ದ. ಆದರೂ ಮೊದಲ ಮಜ್ಜಿಗೆ ಲೋಟ ನನ್ನ ಕೈಗೇ ಬಂತು. ತಪ್ಪೆಲ್ಲ ಟೇಪಿನದು, ತಪ್ಪೆಲ್ಲ ಹಳದಿ ಅಂಗಿಯವನದು, ಸಂಘಟಕರ ಮೇಲೆ ದೂರು ಕೊಡಬೇಕು ಎಂದು ಮೂವರೂ ಪೈಪೋಟಿಯಲ್ಲಿ ಹೇಳಿದರು. ನನಗೆ ಅದೆಲ್ಲ ಬೇಕಿರಲಿಲ್ಲ. ನಾನು ನಗುತ್ತಲೇ, ಹೊಳೆಯುವ ಶೂನವನಿಂದ ಹಿಡಿದು ಎಮ್ಮೆಗಳವರೆಗೆ, ನಡೆದದ್ದನ್ನೆಲ್ಲ ಹೇಳಿದೆ. ತಪ್ಪು ನನ್ನದೇ, ನೀವು ನನಗೆ ಕುಡಿ ಅಂದಿರಿ, ನಾನು ಅದನ್ನು ತೆಲುಗು ಅಂದುಕೊಂಡೆ, ಎಂದೆ.

ಕ್ಯಾಪ್ಟನ್ ಕಣ್ಣು ಕಿರಿದು ಮಾಡಿದ. ಫರಸಿಯ ಕಡೆ ನೋಡಿದ. ಆಮೇಲೆ ಅವನ ಮುಖದ ಮೇಲೆ ನಾನು ಹಿಂದೆಂದೂ ನೋಡದ ಗಾಬರಿ ಬಂತು.

“ನಿಮಗ ಅಂದಿದ್ದಲ್ರಿ ಅಕ್ಕೋರ. ಇವಗ ಅಂದಿದ್ದು. ಇವ ಕಣ್ಣ ಮ್ಯಾಲ ಮಾಡಿದ್ದ, ನೀರ ಬ್ಯಾಡಂತ ಬಾಯಿ ಬಿಗಿ ಹಿಡದಿದ್ದ. ನಿಮಗ ನಾ ಹಂಗ ಅಂತೀನೇನ್ರಿ?” ಮತ್ತೆ ಎರಡೂ ಕಿವಿ ಮುಟ್ಟಿಕೊಂಡ.

ನಾನು ಆ ಕವಲಿಗೆ ಬಂದದ್ದನ್ನೇ ಅವರು ನೋಡಿರಲಿಲ್ಲ. ನಾನು ಮೂರನೆಯವಳಾಗಿ ಇದ್ದದ್ದು, ಹೊಳೆಯುವ ಶೂನವನನ್ನು ವಾಪಸ್ ದಾಟಿದ್ದು, ಯಾವುದೂ ನಾನು ಹೇಳುವವರೆಗೆ ಅವರಿಗೆ ಗೊತ್ತಿರಲಿಲ್ಲ. ಅಕ್ಕೋರು ಅಷ್ಟು ಬೇಗ ಅಲ್ಲಿಗೆ ಬರುತ್ತಾರೆಂದು ಯಾರೂ ಅಂದುಕೊಂಡಿರಲಿಲ್ಲ, ಅದಕ್ಕೆ ಆ ಕಡೆ ತಿರುಗಿಯೂ ಇರಲಿಲ್ಲ. ಮಜ್ಜಿಗೆ ಲೋಟ ಕೆಳಗಿಟ್ಟೆ. ನನ್ನನ್ನು ಬೈಯುವುದಕ್ಕೆ ನಿಮಗೆ ಅಷ್ಟು ಯಾಕೆ ಭಯ ಎಂದು ಕೇಳಿದೆ. ದನಿ ಏರಿತ್ತು, ಪಕ್ಕದ ತಂಡದವರು ತಿರುಗಿ ನೋಡಿದರು. ಕಡೆಗೆ ಮೆಕ್ಯಾನಿಕ್, ಪಾಪ, ಸುಳ್ಳು ಬಾರದ ಮನುಷ್ಯ, ನೆಲ ನೋಡುತ್ತ ಹೇಳಿಬಿಟ್ಟ.

“ಅಕ್ಕೋರಿಗಿ ಬ್ಯಾಸರ ಆಗಿ ಬರೋದು ಬಿಟ್ರ ಟೀಮೇ ಮುಗೀತಲ್ರಿ. ಇನ್ನೊಬ್ಬಾಕಿ ಎಲ್ಲಿ ಸಿಗ್ತಾಳ?”

ಓಹೋ, ಇದು ಸಂಗತಿ. ಒರೆಸಿದ ಬಂಡೆ, ಎತ್ತಿ ಇಟ್ಟ ಸೈಕಲ್, ಎರಡು ವರ್ಷದ ರೀ ರೀ ರೀ, ಎಲ್ಲವೂ ನಿಯಮದ ಪುಸ್ತಕದ ಆ ಒಂದು ಸಾಲಿಗೆ ಸಲ್ಲುತ್ತಿದ್ದ ಪೂಜೆ. ನನಗೆ ಅಳು ಬಂತು, ಸಿಟ್ಟೂ ಬಂತು. ನನ್ನ ಮಟ್ಟಿಗೆ ಅಂಥ ಹೊತ್ತಿನಲ್ಲಿ ಸಿಟ್ಟೇ ಗೆಲ್ಲುತ್ತದೆ. ಎದೆಯ ಮೇಲಿನ ನಂಬರ್ ಕಿತ್ತು ಕುರ್ಚಿಯ ಮೇಲಿಟ್ಟೆ. ಹೆಂಗಸು ಬೇಕಾದರೆ ಈ ಕುರ್ಚಿಯನ್ನೇ ಸೇರಿಸಿಕೊಳ್ಳಿ, ಇದು ನನಗಿಂತ ಸಾವಕಾಶ ಹೋಗುತ್ತದೆ ಎಂದೆ. ಸೈಕಲ್ ತಳ್ಳಿಕೊಂಡು ಶಾಮಿಯಾನದಿಂದ ಹೊರಗೆ ಬಂದು ಸ್ಟೇಷನ್ನಿನ ರಸ್ತೆ ಹಿಡಿದೆ. ನಿಜವಾಗಿಯೂ ಬಿಟ್ಟು ಹೊರಟಿದ್ದೆ. ನಾರಾಯಣಖೇಡಕ್ಕೆ ಅಲ್ಲಿಂದ ರೈಲಿಲ್ಲ ಎಂಬುದು ಸ್ವಲ್ಪ ದೂರ ಹೋದ ಮೇಲೆ ನೆನಪಾಯಿತು. ಆದರೂ ನಿಲ್ಲಲಿಲ್ಲ.

ಹಿಂದಿನಿಂದ ಓಡುವ ಹೆಜ್ಜೆ ಕೇಳಿತು. ಕ್ಷಮಿಸ್ರಿ ಅಕ್ಕೋರ ಎಂದು ಬರುತ್ತಾನೆ, ಬಂದರೆ ಸೈಕಲ್ಲಿನ ಪಂಪಿನಿಂದಲೇ ಬಾರಿಸುತ್ತೇನೆ ಎಂದುಕೊಂಡೆ. ಕ್ಯಾಪ್ಟನ್ ಮುಂದೆ ಬಂದು ಹ್ಯಾಂಡಲ್ ಹಿಡಿದು ನಿಲ್ಲಿಸಿದ. ಏದುಸಿರು ಬಿಡುತ್ತಿದ್ದ. ಅವನ ಮುಖದಲ್ಲಿ ಕ್ಷಮೆಯ ಸುಳಿವೂ ಇರಲಿಲ್ಲ.

“ಎಲ್ಲಿ ಹೊಂಟಿ? ಮೂರ್ನೇದಾಗಿದ್ದಿ. ಮೂರ್ನೇದಾಗಿ ಬಂದು ಎಮ್ಮಿ ನೋಡಾಕ ಹೋಗ್ತಾರೇನು? ಟೇಪ್ ಇಲ್ಲಂದ್ರ ನೆಲ ನೋಡಬೇಕು. ನಿನ್ನ ಮುಂದ ಎರಡು ಟೀಮ್ ಹೋಗಿದ್ವು, ಬಿಳಿ ಧೂಳದಾಗ ಅವುರ ಗಾಲಿ ಗುರ್ತ ಎಡಕ್ಕ ಬಿದ್ದಿತ್ತು. ಪೈಲಾ ಎರಡು ಸುತ್ತಿಂದೂ ಎಡಕ್ಕೇ ಇತ್ತು. ಬಲಕ್ಕ ಒಂದರ ಗುರ್ತ ಇತ್ತೇನು? ಯಾರ ಏನ ಒದರಿದ್ರ ನಿನಗೇನು? ಕಣ್ಣ ಎಲ್ಲಿಟ್ಟಿದ್ದಿ?”

ಗಾಲಿಯ ಗುರುತು. ಕುರಿ ಎತ್ತ ಹೋಯಿತೆಂದು ನೆಲ ನೋಡಿ ಹೇಳುವವನು ಅವನು, ಅವನಿಗೆ ಇದು ಮೊದಲ ಮಾತು. ನಾನೋ ಮೂರು ಭಾಷೆ, ಒಂದು ಪ್ರತ್ಯಯ ಇಟ್ಟುಕೊಂಡು ಗಣಿತ ಮಾಡುತ್ತಿದ್ದೆ, ಉತ್ತರ ಕಾಲ ಕೆಳಗೆ ಬಿಳಿ ಧೂಳಿನಲ್ಲಿ ಬರೆದಿತ್ತು. ತಲೆಯೆತ್ತಿ ನೋಡಿದವಳು ತಲೆ ಬಗ್ಗಿಸಿ ನೋಡಿದ್ದರೆ ಸಾಕಿತ್ತು. ಅವನು ಹೇಳಿದ್ದು ನೂರಕ್ಕೆ ನೂರು ಸರಿ. ಬೈಸಿಕೊಳ್ಳಬೇಕೆಂದು ಎರಡು ವರ್ಷ ಹಂಬಲಿಸಿದವಳು ನಾನು, ಅದು ಇಷ್ಟು ನೋಯುತ್ತದೆ ಎಂದು ಮಾತ್ರ ತಿಳಿದಿರಲಿಲ್ಲ.

ಈಗ ಬರೆಯುವಾಗ ಅವನು, ಇವನು ಎನ್ನುತ್ತಿದ್ದೇನೆ. ಆದರೆ ಅಷ್ಟು ದಿನ ಎದುರಿಗೆ ನಾನೂ ಅವರಿಗೆಲ್ಲ ರೀ ಹಚ್ಚಿಯೇ ಮಾತಾಡುತ್ತಿದ್ದೆ. ಅದು ನನಗೆ ಹೊಳೆದದ್ದು ಆ ರಸ್ತೆಯಲ್ಲಿ, ಬಾಯಿಂದ ಮಾತು ಹೊರಬಿದ್ದ ಮೇಲೆ.

“ನಾ ನೆಲ ನೋಡ್ಲಿಲ್ಲ, ಖರೆ. ಮತ್ತ ನೀ? ನಾ ಮೂರ್ನೇದಾಗಿ ನಿನ್ನ ಬೆನ್ನ ಹಿಂದ ಹಾದು ಹೋದೆ. ನೀ ಯಾಕ ನೋಡ್ಲಿಲ್ಲ?”

ಹ್ಯಾಂಡಲ್ ಮೇಲಿನ ಅವನ ಕೈ ಸಡಿಲಾಯಿತು. ಕಲ್ಲು ತುಂಬಿದ ಲಾರಿಯೊಂದು ನಮ್ಮ ಮೇಲೆ ಧೂಳು ಸುರಿದು ಹೋಯಿತು. ಅದು ಹೋದ ಮೇಲೆ ಅವನು ಮುಖ ಒರೆಸಿಕೊಂಡ. ಕಿವಿ ಮುಟ್ಟಿಕೊಳ್ಳಲಿಲ್ಲ.

“ನೋಡಬೇಕಿತ್ತು,” ಎಂದ. ಅದರ ಬಾಲಕ್ಕೆ ಏನೂ ಸೇರಿಸಲಿಲ್ಲ.